ವಾರದ ವಿಷಯ, ಊರಿನ ಮಾತು: ಗಡಿಯಾಚೆಯ ಕನ್ನಡ ಕ್ರೈಸ್ತ ಪ್ರಸಂಗಗಳ ಭಾಷೆಯ ವಿಮರ್ಶೆ

1. ಪೀಠಿಕೆ

ಕಾಸರಗೋಡಿನಲ್ಲಿ ‘ಪ್ರಸಂಗ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಅದೇ ಊರಿನ ಪ್ರಾಟೆಸ್ಟೆಂಟ್ ಕ್ರೈಸ್ತರಿಗೆ ಪ್ರಸಂಗವೆಂದರೆ ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು ಮಾಡುವ ಉಪದೇಶ. ಕಥೋಲಿಕರು ಇದನ್ನೇ ಪ್ರಬೋಧನೆ ಎನ್ನುತ್ತಾರೆ. ಹೊರನೋಟಕ್ಕೆ ಸಂಬಂಧವಿಲ್ಲದ ಈ ಎರಡು ಅರ್ಥಗಳಿಗೆ ಒಳಗೆ ಒಂದು ನಂಟಿದೆ. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹೇಳಿದ ಮೇಲೆ ಅರ್ಥಧಾರಿ ತನ್ನ ಮಾತಿನಲ್ಲಿ ಅದನ್ನು ಬೆಳೆಸುತ್ತಾನೆ. ಪದ್ಯ ಅವನದಲ್ಲ, ಮಾತು ಅವನದು. ಚರ್ಚಿನಲ್ಲೂ ಹಾಗೆಯೇ: ಆ ವಾರದ ವಿಷಯ ಮೊದಲೇ ಗೊತ್ತಾಗಿರುತ್ತದೆ, ಓದಬೇಕಾದ ವೇದಭಾಗ ನಿಗದಿಯಾಗಿರುತ್ತದೆ. ಅದಕ್ಕೆ ಅರ್ಥ ಹೇಳುವ ಮಾತು ಮಾತ್ರ ಪ್ರಸಂಗಿಯ ಸ್ವಂತದ್ದು. ಆದ್ದರಿಂದ ಅರ್ಥಗಾರಿಕೆಯನ್ನು ನಾವು ಯಾವ ಅಳತೆಗೋಲಿನಿಂದ ಅಳೆಯುತ್ತೇವೋ ಅದೇ ಅಳತೆಗೋಲಿನಿಂದ ಪ್ರಸಂಗವನ್ನೂ ಅಳೆಯಬಹುದೆಂದು ನನ್ನ ಅಭಿಪ್ರಾಯ. ಮೂಲಕ್ಕೆ ಭಂಗ ಬರಬಾರದು. ಎದುರಿಗೆ ಕೂತವನಿಗೆ ತಲುಪಬೇಕು. ಎರಡೂ ಆದರೆ ಪ್ರಸಂಗ ಗೆದ್ದಿತು.

ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನಿಗೆ ಇಗರ್ಜಿಯ ಉಪದೇಶದಲ್ಲೇನು ಕೆಲಸ ಎಂದು ಕೆಲವರು ಕೇಳಿಯಾರು. ನನ್ನಲ್ಲಿ ಓದಿದ ಒಂದಿಬ್ಬರು ಮುಂದೆ ಪ್ರಸಂಗಿಗಳಾದರು. ‘ಈ ಶಬ್ದ ಸರಿಯೋ ಮೇಷ್ಟ್ರೇ?’ ಎಂದು ಕೇಳಿಕೊಂಡು ಬರುತ್ತಿದ್ದರು. ಶಬ್ದದ ಸರಿ–ತಪ್ಪಿನಿಂದ ಶುರುವಾದದ್ದು ಕೇಳುವ ಅಭ್ಯಾಸಕ್ಕೆ ಬಂತು. ಕಾಸರಗೋಡು, ಹೊಸೂರು, ನೀಲಗಿರಿ, ಸೊಲ್ಲಾಪುರದ ಕಡೆ ಹೋದಾಗಲೆಲ್ಲ ಭಾನುವಾರ ಸಿಕ್ಕಿದರೆ ಹಿಂದಿನ ಬೆಂಚಿನಲ್ಲಿ ಕೂತು ಕೇಳಿದ್ದೇನೆ. ಈ ಪ್ರಬಂಧ ಮತತತ್ತ್ವದ ಚರ್ಚೆಯಲ್ಲ. ಮಾತಿನ ವಿಮರ್ಶೆ, ಅಷ್ಟೇ.

2. ಭಾನುವಾರಕ್ಕೊಂದು ವಿಷಯ

ಕ್ರೈಸ್ತ ಆರಾಧನಾ ವರ್ಷ ಜನವರಿಯಲ್ಲಿ ತೊಡಗುವುದಿಲ್ಲ. ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಆಗಮನ ಕಾಲ ಶುರುವಾಗುತ್ತದೆ. ನಾಲ್ಕು ಭಾನುವಾರ ಕಳೆದರೆ ಕ್ರಿಸ್ತ ಜಯಂತಿ. ಮುಂದೆ ಬೂದಿ ಬುಧವಾರದಿಂದ, ಭಾನುವಾರಗಳನ್ನು ಬಿಟ್ಟು 40 ದಿನಗಳ ತಪಸ್ಸುಕಾಲ. ಬಳಿಕ ಪುನರುತ್ಥಾನ, ಅದರಿಂದ ಐವತ್ತನೆಯ ದಿನ ಪೆಂತೆಕೋಸ್ತ್. ಅಲ್ಲಿಂದ ಮತ್ತೆ ಆಗಮನದವರೆಗೆ ಹೆಚ್ಚುಕಡಿಮೆ ಅರ್ಧ ವರ್ಷ ಸಾಧಾರಣ ಕಾಲ. ಪುನರುತ್ಥಾನದ ಹಬ್ಬ ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ. ಆದ್ದರಿಂದ ಪಂಚಾಂಗ ನೋಡುವವರಿಗೆ ಈ ಲೆಕ್ಕ ಅಪರಿಚಿತವಲ್ಲ. ಸಾಮಾನ್ಯವಾಗಿ ಅದು ನಮ್ಮ ಚೈತ್ರ ಹುಣ್ಣಿಮೆಯ ಬೆನ್ನಿಗೇ ಬರುತ್ತದೆ. 2024ರಂತಹ ಕೆಲವು ವರ್ಷಗಳಲ್ಲಿ ಫಾಲ್ಗುಣ ಹುಣ್ಣಿಮೆಯ ಬೆನ್ನಿಗೆ ಬಂದದ್ದೂ ಉಂಟು.

ಕಥೋಲಿಕ ಸಭೆಯಲ್ಲಿ 1969ರಿಂದ ಮೂರು ವರ್ಷಗಳ ಪಠನಕ್ರಮ ನಡೆದು ಬಂದಿದೆ. ಒಂದು ವರ್ಷ ಮತ್ತಾಯನದು ಮುಖ್ಯ, ಒಂದು ವರ್ಷ ಮಾರ್ಕನದು, ಒಂದು ವರ್ಷ ಲೂಕನದು. ಯೋಹಾನನ ಶುಭಸಂದೇಶ ಹಬ್ಬದ ಕಾಲಗಳಲ್ಲಿ ನಡುನಡುವೆ ಬರುತ್ತದೆ. 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯವರು, ಅಂದರೆ ಸಿ.ಎಸ್.ಐ.ನವರು, ಪಾಠಗಳ ಜೊತೆಗೆ ಭಾನುವಾರಕ್ಕೊಂದು ಶೀರ್ಷಿಕೆಯನ್ನೂ ಅಚ್ಚುಮಾಡಿ ಕೊಡುತ್ತಾರೆ. ಇದರಿಂದ ಒಂದು ಅನುಕೂಲವಿದೆ: ಪ್ರಸಂಗಿ ತನಗೆ ಪ್ರಿಯವಾದ ನಾಲ್ಕೇ ವಚನಗಳನ್ನು ವರ್ಷವಿಡೀ ತಿರುವಿ ಹಾಕುವಂತಿಲ್ಲ. ಒಂದು ತೊಡಕೂ ಇದೆ: ಶೀರ್ಷಿಕೆ ಇಂಗ್ಲಿಷಿನಿಂದ ಬಂದು ಕನ್ನಡದಲ್ಲಿ ನಾಲ್ಕೈದು ತತ್ಸಮಗಳ ಸರಮಾಲೆಯಾಗಿ ನಿಲ್ಲುತ್ತದೆ. ಪ್ರಸಂಗಿ ಅದನ್ನು ಓದುತ್ತಾನೆ, ‘ಇದರಲ್ಲಿ ಮೂರು ಅಂಶಗಳುಂಟು’ ಎನ್ನುತ್ತಾನೆ, ಮೂರನ್ನೂ ಎಣಿಸುತ್ತಾನೆ, ಮುಗಿಸುತ್ತಾನೆ. ಪದ್ಯ ಹೇಳಿ ಆಯಿತು, ಅರ್ಥ ಹೇಳಿ ಆಗಲಿಲ್ಲ.

ಗಡಿಯಾಚೆ ಈ ತೊಡಕು ಇಮ್ಮಡಿ. ಕಾಸರಗೋಡಿನ ಬಾಸೆಲ್ ಮಿಷನ್ ಪರಂಪರೆಯ ಅನೇಕ ಮನೆಗಳಲ್ಲಿ ಮನೆಮಾತು ತುಳು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಬಂದಿದ್ದರೂ ಪುಸ್ತಕದ ಭಾಷೆಯಾಗಿ ನಿಂತದ್ದು ಕನ್ನಡ. 1846ರಲ್ಲಿ ಅದೇ ಮಿಷನ್ನಿನವರು ನೀಲಗಿರಿಯ ಕೇತಿಯಲ್ಲಿ ನೆಲೆಯೂರಿದಾಗ ಬಡಗರ ನಡುವೆ ಶಾಲೆಗೂ ಆರಾಧನೆಗೂ ಕನ್ನಡವನ್ನೇ ಹಿಡಿದರು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಕೆಲಸಕ್ಕೆ ತೊಡಗಿ 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಆ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರಲ್ಲಿ ಆಂಧ್ರಕ್ಕೆ ಹೋದವು. ಸೊಲ್ಲಾಪುರದ ಕಡೆ ಕೆಲಸ ಮಾಡಿದ್ದು ಅಮೆರಿಕನ್ ಮರಾಠಿ ಮಿಷನ್. ಅಲ್ಲಿ ಕನ್ನಡದವನೂ ದೇವರ ಮಾತನ್ನು ಹೆಚ್ಚಾಗಿ ಮರಾಠಿಯಲ್ಲೇ ಕೇಳಬೇಕಾಯಿತು. ಹೀಗೆ ಒಂದೊಂದು ಗಡಿಯಲ್ಲಿ ಗ್ರಂಥದ ಕನ್ನಡ, ಮನೆಯ ಮಾತು, ರಾಜ್ಯದ ಭಾಷೆ ಎಂಬ ಮೂರು ಎಳೆಗಳಿವೆ. ಪ್ರಸಂಗಿ ಈ ಮೂರನ್ನೂ ಹೊಸೆಯಬೇಕು.

3. ಆಗಮನ ಮತ್ತು ತಪಸ್ಸುಕಾಲ: ತಿರುಗುವ ಮಾತು

ಆಗಮನದ ಎರಡನೆಯ ಭಾನುವಾರ ಸ್ನಾನಿಕ ಯೋಹಾನನ ಕೂಗಿನದು. ತಪಸ್ಸುಕಾಲದ ಆರಂಭದ್ದೂ ಅದೇ ಮಾತು. ಗ್ರೀಕಿನಲ್ಲಿ ಆ ಶಬ್ದ ‘ಮೆತಾನೊಯಾ’, ಮನಸ್ಸು ಬದಲಾಗುವುದು ಎಂದು ಅರ್ಥ. ಇದಕ್ಕೆ ಕನ್ನಡ ಅನುವಾದಗಳಲ್ಲಿ ಒಂದೇ ಶಬ್ದ ನಿಂತಿಲ್ಲ. ಒಂದರಲ್ಲಿ ಪಶ್ಚಾತ್ತಾಪ, ಒಂದರಲ್ಲಿ ಮಾನಸಾಂತರ, ಒಂದರಲ್ಲಿ ದೇವರ ಕಡೆಗೆ ತಿರುಗಿಕೊಳ್ಳುವುದು, ಮತ್ತೊಂದರಲ್ಲಿ ಅಭಿಮುಖರಾಗುವುದು. ನೆರೆಯವರಲ್ಲಿ ನೋಡಿದರೆ ಮರಾಠಿಯವರದು ಪಶ್ಚಾತ್ತಾಪ, ಮಲಯಾಳದವರದು ಮಾನಸಾಂತರಂ, ತೆಲುಗರದು ಮಾರುಮನಸ್ಸು, ತಮಿಳರದು ಮನಂದಿರುಂಬುದಲ್.

ಸಂಸ್ಕೃತದ ಕಣ್ಣಿನಿಂದ ಒಂದಿಷ್ಟು ಬಿಡಿಸಿ ನೋಡೋಣ. ಪಶ್ಚಾತ್ ಎಂದರೆ ಆಮೇಲೆ, ತಾಪ ಎಂದರೆ ಸುಡುವುದು. ಮಾಡಿದ ಮೇಲೆ ಒಳಗೆ ಸುಡುವುದೇ ಪಶ್ಚಾತ್ತಾಪ. ಅದು ಹಿಂದಕ್ಕೆ ನೋಡುವ ಶಬ್ದ. ಮಾನಸಾಂತರ ಎಂಬುದು ಗ್ರಾಮಾಂತರ, ದೇಶಾಂತರಗಳ ಹಾಗೆ. ಗ್ರಾಮಾಂತರವೆಂದರೆ ಬೇರೊಂದು ಗ್ರಾಮ, ಮಾನಸಾಂತರವೆಂದರೆ ಬೇರೊಂದು ಮನಸ್ಸು. ಗ್ರೀಕಿನ ಅರ್ಥಕ್ಕೆ ಇದು ಹತ್ತಿರ. ಆದರೆ ಕೇಳುವವನ ಕಿವಿಗೆ ದೂರ. ನಮ್ಮ ಧರ್ಮಶಾಸ್ತ್ರಕಾರರಿಗೂ ಈ ಭೇದ ತಿಳಿದಿತ್ತು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಮಾತು ಬರುವಾಗ ಬರೀ ಸಂತಾಪದಲ್ಲಿ ನಿಲ್ಲಿಸುವುದಿಲ್ಲ. ಇನ್ನು ಹೀಗೆ ಮಾಡೆನೆಂದು ಹಿಂತಿರುಗುವ ನಿವೃತ್ತಿಯಿಂದಲೇ ಶುದ್ಧಿ ಎಂಬ ಭಾವ ಅಲ್ಲಿದೆ. ಸುಡುವುದು ಒಂದು, ತಿರುಗುವುದು ಇನ್ನೊಂದು.

ಹಾಗಾದರೆ ಗಡಿಯ ಪ್ರಸಂಗಿ ಯಾವ ಶಬ್ದ ಹಿಡಿಯಬೇಕು? ‘ತಿರುಗು’ ಎಂದೇ ನನ್ನ ಉತ್ತರ. ಕನ್ನಡದ ತಿರುಗು, ತೆಲುಗಿನ ತಿರುಗು, ತಮಿಳಿನ ತಿರುಂಬು, ಮಲಯಾಳದ ತಿರಿಯುಕ ಇವು ಒಂದೇ ಬಳಗದವು. ಹೊಸೂರಿನಲ್ಲಿ ಶಾಲೆಯಲ್ಲಿ ತಮಿಳು ಓದಿದ ಹುಡುಗನೂ, ರಾಯದುರ್ಗದಲ್ಲಿ ತೆಲುಗು ಓದಿದ ಹುಡುಗಿಯೂ, ಕಾಸರಗೋಡಿನಲ್ಲಿ ಮಲಯಾಳ ಕಲಿತ ಮಗುವೂ ‘ತಿರುಗು’ ಎಂದೊಡನೆ ಹಿಡಿಯುತ್ತವೆ. ಕನ್ನಡವನ್ನು ಬಿಟ್ಟುಕೊಡದೆ ನೆರೆಭಾಷೆಯ ಹೆಗಲ ಮೇಲೆ ಕೈಯಿಟ್ಟ ಹಾಗಾಯಿತು. ಜತ್ತ, ಅಕ್ಕಲಕೋಟೆಗಳ ಕಡೆ ಇನ್ನೊಂದು ಮಾತಿದೆ. ಅಲ್ಲಿಯ ಕನ್ನಡದಲ್ಲಿ ಹಿಂದಿರುಗುವುದಕ್ಕೆ ‘ಹೊಳ್ಳಿ ಬರೋದು’ ಅಂತಾರೆ. ಲೂಕನ ವರ್ಷದಲ್ಲಿ ತಪಸ್ಸುಕಾಲದ ನಾಲ್ಕನೆಯ ಭಾನುವಾರ ದುಂದುಗಾರ ಮಗನ ಸಾಮ್ಯ ಬರುತ್ತದೆ. ಆ ಕಡೆಯ ಒಬ್ಬ ಉಪದೇಶಿ ಅದನ್ನು ಹೇಳಿದ ರೀತಿ ನನ್ನ ಕಿವಿಯಲ್ಲಿದೆ: ‘ಮಗಾ ಅತ್ತಿದ್ದು ದೊಡ್ಡದಲ್ಲ. ಅಳೋರು ಭಾಳ ಮಂದಿ ಅದಾರ. ಅಂವ ಹೊಳ್ಳಿ ಬಂದ, ಅದು ದೊಡ್ಡದು.’ ತಾಪಕ್ಕೂ ನಿವೃತ್ತಿಗೂ ಇರುವ ಭೇದವನ್ನು ಇಷ್ಟು ಚಿಕ್ಕದಾಗಿ ಹೇಳಲು ನನ್ನ ಶಾಸ್ತ್ರಪಾಠಕ್ಕೆ ಆಗಿರಲಿಲ್ಲ.

ಹಾಗೆಂದು ತತ್ಸಮಗಳನ್ನೆಲ್ಲ ಹೊರಗೆ ಹಾಕಿ ಎನ್ನುತ್ತಿಲ್ಲ. ‘ಕೃಪೆ’ ನೋಡಿ. ತೆಲುಗು ಮಲಯಾಳಗಳಲ್ಲಿ ಕೃಪ, ಮರಾಠಿಯಲ್ಲಿ ಕೃಪಾ, ತಮಿಳು ಬೈಬಲ್ಲಿನಲ್ಲಿ ಕಿರುಬೈ. ಐದು ಭಾಷೆಗಳ ಕ್ರೈಸ್ತರಿಗೂ ಒಂದೇ ಶಬ್ದ. ಅದನ್ನು ಬಿಟ್ಟು ಬೇರೆ ಅಚ್ಚಗನ್ನಡ ಹುಡುಕಿದರೆ ಇದ್ದ ಸೇತುವೆಯನ್ನು ಕಿತ್ತ ಹಾಗೆ. ಶಬ್ದ ಸಂಸ್ಕೃತದ್ದೋ ದೇಶ್ಯವೋ ಎಂಬುದು ಮುಖ್ಯವಲ್ಲ. ಅದು ಎಷ್ಟು ಕಡೆ ಕಾಲೂರಿ ನಿಂತಿದೆ ಎಂಬುದು ಮುಖ್ಯ.

4. ಪುನರುತ್ಥಾನ ಕಾಲ: ಕುರುಬ, ಕುರಿಗಾಹಿ, ಹಟ್ಟಿ

ಕಥೋಲಿಕ ಕ್ರಮದಲ್ಲಿ ಪುನರುತ್ಥಾನ ಕಾಲದ ನಾಲ್ಕನೆಯ ಭಾನುವಾರ ಒಳ್ಳೆಯ ಕುರುಬನದು. ಮೂರು ವರ್ಷವೂ ಯೋಹಾನನ ಹತ್ತನೆಯ ಅಧ್ಯಾಯವೇ. ಪ್ರಾಟೆಸ್ಟೆಂಟರ ಸತ್ಯವೇದದಲ್ಲಿ ‘ಕುರುಬ’, ಕಥೋಲಿಕರ ಅನುವಾದದಲ್ಲಿ ‘ಕುರಿಗಾಹಿ’. ಈ ವ್ಯತ್ಯಾಸ ಸಣ್ಣದಲ್ಲ. ಒಳನಾಡಿನಲ್ಲಿ ಕುರುಬ ಎಂಬುದು ಕಸುಬಿಗಿಂತ ಹೆಚ್ಚಾಗಿ ಒಂದು ಸಮುದಾಯದ ಹೆಸರು. ಕುರಿಗಾಹಿ ಕೇವಲ ಕಸುಬು. ನೆರೆಯವರು ಕಸುಬಿನ ಹೆಸರನ್ನೇ ಹಿಡಿದಿದ್ದಾರೆ: ತಮಿಳಿನಲ್ಲಿ ಮೇಯ್ಪ್ಪನ್, ತೆಲುಗಿನಲ್ಲಿ ಕಾಪರಿ, ಮರಾಠಿಯಲ್ಲಿ ಮೇಂಢಪಾಳ.

ನೀಲಗಿರಿಯಲ್ಲಂತೂ ‘ಕುರುಬ’ ಎಂಬ ಶಬ್ದಕ್ಕೆ ಬೇರೆಯೇ ನೆರಳು ಬೀಳುತ್ತದೆ. ಅಲ್ಲಿ ಕುರುಂಬರೆಂಬ ಅರಣ್ಯವಾಸಿಗಳಿದ್ದಾರೆ. ಅವರು ಮಾಟ ಬಲ್ಲವರೆಂಬ ಭಯ ಹಳೆಯ ಬಡಗರಲ್ಲಿತ್ತೆಂದೂ, ಆ ಭಯದಿಂದ 19ನೆಯ ಶತಮಾನದಲ್ಲಿ ಅವರ ಮೇಲೆ ಹಿಂಸೆ ನಡೆದದ್ದುಂಟೆಂದೂ ಜನಾಂಗ ಅಧ್ಯಯನಕಾರರು ಬರೆದಿದ್ದಾರೆ. ಅಂಥ ಕಡೆ ಗ್ರಂಥದ ‘ಕುರುಬ’ನನ್ನು ಅರ್ಥ ಹೇಳದೆ ದಾಟಿಸಿದರೆ ಕೇಳುವವನ ಮನಸ್ಸಿನಲ್ಲಿ ಏನು ಮೂಡೀತು? ಅದೂ ಅಲ್ಲದೆ ಬಡಗರ ಹಳೆಯ ಬದುಕು ಎಮ್ಮೆಯ ಸುತ್ತ ಇದ್ದದ್ದು. ಎಮ್ಮೆ ಕಾಯುವವನ ಮಾತಿನಿಂದ ಹೊರಟು ಕುರಿಗೆ ಬಂದರೆ ದಾರಿ ಹತ್ತಿರ.

ಇದೇ ಅಧ್ಯಾಯದ ‘ಕುರಿಹಟ್ಟಿ’ ಉಪಭಾಷಾ ಅಧ್ಯಯನಕ್ಕೆ ಚಿನ್ನದಂಥ ಶಬ್ದ. ಕಾಸರಗೋಡಿನಲ್ಲಿ ಹಟ್ಟಿ ಎಂದರೆ ದನದ ಕೊಟ್ಟಿಗೆ. ರಾಯದುರ್ಗ, ಮಡಕಶಿರದ ಬಯಲಿನಲ್ಲಿ ಗೊಲ್ಲರ ಕೇರಿ. ನೀಲಗಿರಿಯ ಬಡಗರಲ್ಲಿ ಹಟ್ಟಿ ಎಂದರೆ ಊರೇ. ಹಟ್ಟಿಯ ಬಾಗಿಲು ನಾನೇ ಎಂಬ ಯೇಸುವಿನ ಮಾತು ಕಾಸರಗೋಡಿನವನಿಗೆ ಕೊಟ್ಟಿಗೆಯ ಬಾಗಿಲಾದರೆ ಬಡಗನಿಗೆ ತನ್ನ ಊರಿನ ಬಾಗಿಲು. ಈ ಹಟ್ಟಿಗೆ ಸೇರದ ಬೇರೆ ಕುರಿಗಳೂ ಉಂಟೆಂಬ ಮಾತು ಅಲ್ಲಿ ಇನ್ನೂ ಗಟ್ಟಿ: ನಿನ್ನ ಊರಿನವರಲ್ಲದವರೂ ನನ್ನವರೇ ಎಂದಾಗುತ್ತದೆ. ಆ ಬೆಟ್ಟದಲ್ಲಿ, ಕುರುಂಬರ ನೆರೆಯಲ್ಲಿ, ಈ ಅರ್ಥ ಹೇಳಬಲ್ಲ ಪ್ರಸಂಗಿ ವೇದಕ್ಕೂ ನ್ಯಾಯ ಮಾಡಿದ, ಊರಿಗೂ ಉಪಕಾರ ಮಾಡಿದ. ಅನುವಾದಕರು ಯೋಚಿಸದೇ ಇದ್ದ ಅರ್ಥವನ್ನು ಉಪಭಾಷೆ ತಾನಾಗಿ ಒದಗಿಸಿಕೊಟ್ಟಿದೆ.

‘ಪುನರುತ್ಥಾನ’ದ ಬಗ್ಗೆ ಒಂದೇ ಮಾತು. ಕರಾವಳಿಯ ಕನ್ನಡದಲ್ಲಿ ‘ಪುನಃ ಬಾ’ ಎಂದು ಓದುಬರಹ ಬಾರದವರೂ ಹೇಳುತ್ತಾರೆ. ಹಾಗಾಗಿ ಅಲ್ಲಿ ಶಬ್ದದ ಅರ್ಧ ತಾನೇ ತಿಳಿಯುತ್ತದೆ. ಉಳಿದ ಕಡೆ ‘ಎದ್ದ’ ಎಂಬ ಎರಡಕ್ಷರ ಸಾಕು. ಗ್ರೀಕ್ ಮೂಲದಲ್ಲಿರುವುದೂ ನಿದ್ದೆಯಿಂದ ಏಳುವ ಸಾಮಾನ್ಯ ಕ್ರಿಯಾಪದವೇ.

5. ಪೆಂತೆಕೋಸ್ತ್: ಅವರವರ ಆಡುಮಾತು

ಪೆಂತೆಕೋಸ್ತಿನ ಪಾಠ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ. ನಾನಾ ದೇಶಗಳಿಂದ ಬಂದವರು ಗಲಿಲಾಯದವರ ಮಾತನ್ನು ತಮ್ಮತಮ್ಮ ನುಡಿಯಲ್ಲಿ ಕೇಳಿ ಬೆರಗಾದರು ಎಂಬ ಕಥೆ. ‘ತಮ್ಮ ನುಡಿ’ ಎನ್ನಲು ಅಲ್ಲಿ ಎರಡು ಬಾರಿ ಬಳಸಿದ ಗ್ರೀಕ್ ಶಬ್ದ ‘ದಿಯಾಲೆಕ್ತೊಸ್’. ನಾವು ಉಪಭಾಷೆ ಎನ್ನುವುದಕ್ಕೆ ಇಂಗ್ಲಿಷಿನವರು ಬಳಸುವ ಶಬ್ದದ ಮೂಲವೇ ಅದು. ಈ ಸಂಕಿರಣದ ವಿಷಯ ಪೆಂತೆಕೋಸ್ತಿನ ಪಾಠದ ಒಳಗೇ ಕೂತಿದೆ ಎಂದರೆ ಅತಿಶಯವಲ್ಲ.

ನಾನು ಕೇಳಿದ ಬಹುಪಾಲು ಪ್ರಸಂಗಗಳು ಇದನ್ನು ದಾಟಿ ನೇರವಾಗಿ ಬೆಂಕಿಯ ನಾಲಗೆಗೂ ಬಿರುಗಾಳಿಗೂ ಹೋಗುತ್ತವೆ. ಅಲ್ಲಿ ‘ಆತ್ಮ’ ಎಂಬ ಶಬ್ದ ಎಡವಿಸುತ್ತದೆ. ಹೀಬ್ರೂ, ಗ್ರೀಕುಗಳಲ್ಲಿ ಗಾಳಿ, ಉಸಿರು, ಆತ್ಮ ಮೂರಕ್ಕೂ ಒಂದೇ ಶಬ್ದ. ಕನ್ನಡದಲ್ಲಿ ಮೂರೂ ಬೇರೆ. ‘ಗಾಳಿ’ ಎಂದರೆ ಹಳ್ಳಿಯಲ್ಲಿ ‘ಗಾಳಿ ಸೋಂಕು’ ನೆನಪಾಗುತ್ತದೆ, ಅದು ಕೆಟ್ಟದ್ದು. ‘ಆತ್ಮ’ ಎಂದರೆ ಸತ್ತವರದು ಎಂದು ಅರ್ಥ ಮಾಡಿಕೊಳ್ಳುವವರೂ ಇದ್ದಾರೆ. ಸಂಸ್ಕೃತದ ಆತ್ಮನ್ ಶಬ್ದದ ಹಿಂದೆ ಉಸಿರಾಟದ ಅರ್ಥವಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರಾದರೂ ಅದು ವೇದಾಂತದ ದಾರಿ ಹಿಡಿದು ಬಹಳ ದೂರ ಹೋಯಿತು. ಉಳಿದದ್ದು ‘ಉಸಿರು’. ಪವಿತ್ರಾತ್ಮ ಎಂಬ ಗ್ರಂಥದ ಹೆಸರು ಹಾಗೇ ಇರಲಿ. ಅರ್ಥ ಹೇಳುವಾಗ ಉಸಿರಿನಿಂದ ಹೊರಟರೆ ಯಾವ ಗಡಿಯಲ್ಲೂ ತೊಂದರೆಯಿಲ್ಲ.

6. ಸಾಧಾರಣ ಕಾಲ: ಬಿತ್ತುವವನ ಸಾಮ್ಯ

ಮತ್ತಾಯನ ವರ್ಷದಲ್ಲಿ ಜುಲೈ ನಡುವಿನ ಭಾನುವಾರ ಬಿತ್ತುವವನ ಸಾಮ್ಯ ಬರುತ್ತದೆ. ಹೊಸೂರು, ತಾಳವಾಡಿಗಳಲ್ಲಿ ರಾಗಿ ಬಿತ್ತುವ ದಿನಗಳು ಅವು. ಇದಕ್ಕಿಂತ ಒಳ್ಳೆಯ ಹೊಂದಿಕೆ ಬೇಕೇ? ಆದರೂ ಪ್ರಸಂಗ ಕೆಡುವುದು ಇಲ್ಲಿಯೇ, ಏಕೆಂದರೆ ಪ್ರಸಂಗಿಗೆ ಹೊಲ ಗೊತ್ತಿದೆ ಎಂಬ ಧೈರ್ಯ. ಸಾಮ್ಯದ ರೈತ ಬೀಜವನ್ನು ಕೈಯಿಂದ ಎರಚುತ್ತಾನೆ. ಆದ್ದರಿಂದ ಅದು ದಾರಿಯಲ್ಲೂ ಬಂಡೆಯಲ್ಲೂ ಮುಳ್ಳಿನಲ್ಲೂ ಬೀಳುತ್ತದೆ. ನಮ್ಮ ಒಣಬೇಸಾಯದ ರೈತ ತಲೆಮಾರುಗಳಿಂದ ಕೂರಿಗೆಯಲ್ಲಿ ಬಿತ್ತಿದವನು. ಬಟ್ಟಲಿಗೆ ಹಾಕಿದ ಕಾಳು ಬಿದಿರ ಕೊಳವೆಯಲ್ಲಿ ಇಳಿದು ಸಾಲಿನಲ್ಲೇ ಬೀಳುತ್ತದೆ. ‘ದಾರಿ ಮ್ಯಾಲೆ ಯಾಕ್ರೀ ಬಿತ್ತಿದ? ಅಂವಗ ಬಿತ್ತಾಕ ಬರ್ತಿರಲಿಲ್ಲೇನು?’ ಎಂದು ಸೊಲ್ಲಾಪುರದ ಕಡೆಯ ಹಿರಿಯರೊಬ್ಬರು ಕೇಳಿದ್ದು ತಮಾಷೆಯಲ್ಲ, ಸರಿಯಾದ ಆಕ್ಷೇಪ. ಎರಚಿ ಬಿತ್ತುವ ಪದ್ಧತಿಯನ್ನು ಒಂದು ವಾಕ್ಯದಲ್ಲಿ ಹೇಳಿದ್ದರೆ ಸಾಕಿತ್ತು.

ಫಲದ ಲೆಕ್ಕವೂ ಹಾಗೆಯೇ. ಮೂವತ್ತು, ಅರವತ್ತು, ನೂರರಷ್ಟು ಎಂಬುದು ಗೋದಿ ಬೆಳೆಯುವವರಿಗೆ ಬೆರಗಿನ ಮಾತು. ಒಂದು ತೆನೆಯಲ್ಲೇ ನೂರಾರು ಕಾಳು ಎಣಿಸುವ ರಾಗಿಯವನಿಗೂ ಜೋಳದವನಿಗೂ ಅದರಲ್ಲೇನು ಬೆರಗು? ‘ನೂರರಷ್ಟು ಫಲ! ಎಂಥ ಅದ್ಭುತ!’ ಎಂದು ಪ್ರಸಂಗಿ ದನಿ ಎತ್ತರಿಸಿದಾಗ ಬೆಂಚುಗಳು ಅಲುಗದೇ ಇದ್ದರೆ ಭಕ್ತಿ ಕಡಿಮೆಯಾಯಿತೆಂದು ತಿಳಿಯಬಾರದು.

ನೆಲದ ಹೆಸರುಗಳಲ್ಲಿ ಮಾತ್ರ ಗಡಿಯ ಕನ್ನಡ ಶ್ರೀಮಂತ. ಜತ್ತದ ಕಡೆ ಎರೆಭೂಮಿ, ಆದೋನಿಯ ಕಡೆ ಎರೆಯ ಜೊತೆಗೆ ಮಸ್ಸಾರಿ. ಮಣ್ಣು ಹೆಚ್ಚಿಲ್ಲದ ಬಂಡೆನೆಲಕ್ಕೆ ಕಾಸರಗೋಡಿನ ‘ಪದವಿ’ಗಿಂತ ಒಳ್ಳೆಯ ಉದಾಹರಣೆ ಪಲಸ್ತೀನದಲ್ಲೂ ಸಿಗಲಾರದು. ಪದವು ಎಂದರೆ ಮುರಕಲ್ಲಿನ ಬಯಲು. ಆಷಾಢದಲ್ಲಿ ಎಲ್ಲಕ್ಕಿಂತ ಮೊದಲು ಹಸಿರಾಗುವುದು ಅದೇ, ಮಳೆ ನಿಂತ ಮೇಲೆ ಎಲ್ಲಕ್ಕಿಂತ ಮೊದಲು ಒಣಗುವುದೂ ಅದೇ. ಬೇಗ ಮೊಳೆತು ಬೇಗ ಬಾಡುವ ಮನಸ್ಸಿಗೆ ‘ಪದವಿನ ಹುಲ್ಲು’ ಎಂದು ಒಬ್ಬ ಪ್ರಸಂಗಿಯಾದರೂ ಹೇಳಿದ್ದನ್ನು ನಾನು ಕೇಳಿಲ್ಲ. ಬಂಡೆನೆಲ ಎಂದು ಓದಿ ಮುಂದೆ ಹೋಗುತ್ತಾರೆ. ಕಿಟಕಿಯಾಚೆ ಪದವು ಕಾಣುತ್ತಿರುತ್ತದೆ.

7. ಸಮಾರೋಪ

ಈ ವಿಮರ್ಶೆ ಬರೀ ಶೈಲಿಯದಲ್ಲ. ತಮಿಳುನಾಡಿನಲ್ಲಿ 2006ರ ಕಾಯಿದೆಯಿಂದ ತಮಿಳು, ಕೇರಳದಲ್ಲಿ 2017ರ ಕಾಯಿದೆಯಿಂದ ಮಲಯಾಳ, ಶಾಲೆಯಲ್ಲಿ ಕಡ್ಡಾಯವಾದವು. ಆಯಾ ರಾಜ್ಯದ ಭಾಷೆ ಕಲಿಯುವುದು ತಪ್ಪಲ್ಲ, ಬದುಕಿಗೆ ಬೇಕು. ಆದರೆ ಕನ್ನಡದ ಅಕ್ಷರ ಬಾರದ, ಕನ್ನಡದ ಮಾತು ಮಾತ್ರ ಬರುವ ಒಂದು ತಲೆಮಾರು ಈ ಪ್ರದೇಶಗಳಲ್ಲಿ ಬೆಳೆಯುತ್ತಿರುವುದನ್ನು ನಾನು ಕಾಣುತ್ತಿದ್ದೇನೆ. ಅವರಿಗೆ ಗ್ರಂಥ ಮುಚ್ಚಿದೆ, ಕಿವಿ ತೆರೆದಿದೆ. ವಾರಕ್ಕೊಮ್ಮೆ, ಇಪ್ಪತ್ತು ನಿಮಿಷ, ಬೇರೆಬೇರೆ ವಿಷಯಗಳ ಮೇಲೆ, ವರ್ಷಕ್ಕೆ ಐವತ್ತೆರಡು ಬಾರಿ ಗಂಭೀರವಾದ ಕನ್ನಡ ಕೇಳುವ ಅವಕಾಶ ಅವರಲ್ಲಿ ಎಷ್ಟು ಜನಕ್ಕಿದೆ? ಆ ಇಪ್ಪತ್ತು ನಿಮಿಷದ ಕನ್ನಡ ಅರ್ಥವಾಗದೇ ಹೋದರೆ ಸಭೆಯವರು ತಮಿಳಿನಲ್ಲೋ ಮಲಯಾಳದಲ್ಲೋ ಹೇಳಿ ಎಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ದೇವರ ಮಾತು ತಿಳಿಯಬೇಕೆಂಬುದು ಅವರ ಹಕ್ಕು, ಕನ್ನಡ ಉಳಿಸುವುದು ಅವರ ಮೇಲೆ ಹೊರಿಸಿದ ವ್ರತವಲ್ಲ. ಆದ್ದರಿಂದ ಕನ್ನಡ ಉಳಿಯುವುದಾದರೆ ತಿಳಿಯುವ ಕನ್ನಡವಾಗಿಯೇ ಉಳಿಯಬೇಕು.

ಮೂರು ಸೂಚನೆಗಳನ್ನು ವಿದ್ವಾಂಸರ ಮುಂದಿಡುತ್ತೇನೆ. ಒಂದು, ವಾರದ ವಿಷಯಗಳ ಪಟ್ಟಿಗೆ ಪ್ರದೇಶವಾರು ಒಂದು ಚಿಕ್ಕ ಪದಕೋಶ ಬೇಕು: ಹಟ್ಟಿ, ಪದವು, ಹೊಳ್ಳು, ಮಸ್ಸಾರಿ ಇಂಥವು ಅದರಲ್ಲಿರಲಿ. ಪ್ರಸಂಗಿಗಳೂ ಭಾಷಾ ಅಧ್ಯಾಪಕರೂ ಕೂಡಿ ಮಾಡಬೇಕಾದ ಕೆಲಸವಿದು. ಎರಡು, ಆರಾಧನಾ ವರ್ಷವೊಂದರ ಪ್ರಸಂಗಗಳನ್ನು ನಾಲ್ಕೈದು ಗಡಿ ಊರುಗಳಲ್ಲಿ ಧ್ವನಿಮುದ್ರಿಸಿಡಬೇಕು. ಒಂದೇ ವಿಷಯ, ಒಂದೇ ಭಾನುವಾರ, ಐದು ಬಗೆಯ ಕನ್ನಡ. ಉಪಭಾಷೆಗಳ ತುಲನೆಗೆ ಇದಕ್ಕಿಂತ ಹದವಾದ ಸಾಮಗ್ರಿ ಸಿಗುವುದು ಕಷ್ಟ. ಮೂರು, ಹಿರಿಯ ಉಪದೇಶಿಗಳ ಕೈಬರಹದ ಟಿಪ್ಪಣಿ ಪುಸ್ತಕಗಳು ಮನೆಮನೆಗಳ ಪೆಟ್ಟಿಗೆಯಲ್ಲಿವೆ. ಗೆದ್ದಲಿಗೆ ಹೋಗುವ ಮೊದಲು ಅವನ್ನು ನಕಲು ತೆಗೆಯಬೇಕು.

ಇವುಗಳಲ್ಲಿ ಮೂರನೆಯದು ಎಲ್ಲಕ್ಕಿಂತ ತುರ್ತಿನದು. ಮೊದಲಿನ ಎರಡು ಬರುವ ಆಗಮನ ಕಾಲದಿಂದ ತೊಡಗಿದರೂ ನಡೆದೀತು.